ಬೆಕ್ಕು ಕಚ್ಚಿಕೊಂಡು ಹೋದ ನಾಲಿಗೆ

ಫೆಬ್ರವರಿ ೩, ಸೋಮವಾರ

ಆಪರೇಷನ್ ಮುಗಿಯಿತು. ಹೆಂಡತಿಯ ಗಂಟಲಿನೊಳಗೆ, ಧ್ವನಿ ಹುಟ್ಟುವ ಎಳೆಯ ಮೇಲೆ, ಸಾಸಿವೆ ಕಾಳಿನಷ್ಟು ಒಂದು ಗಂಟಿತ್ತು. ತೆಗೆದರು. ಅದು ಕೆಟ್ಟ ಜಾತಿಯ ಗಂಟಲ್ಲ ಎಂಬುದು ಮೊದಲೇ ಗೊತ್ತಿತ್ತು, ಹಾಗಾಗಿ ಆ ಹೆದರಿಕೆ ಇಲ್ಲ. ಆದರೆ ಇನ್ನು ಎರಡು ವಾರ ಆಕೆ ತುಟಿ ಪಿಟಕ್ಕೆನ್ನುವಂತಿಲ್ಲ. ಪಿಸುಮಾತೂ ಕೂಡದು, ಅದು ಇನ್ನೂ ಕೆಟ್ಟದ್ದಂತೆ.

"ಆಮೇಲೆ ಧ್ವನಿ ಮೊದಲಿನ ಹಾಗೇ ಬರುತ್ತಾ ಡಾಕ್ಟ್ರೇ?" ಎಂದು ಕೇಳಿದೆ.

"ಬರಬೇಕು. ಹೇಗೆ ಬರುತ್ತೆ ಅನ್ನೋದನ್ನ ಬಂದ ಮೇಲೇ ಹೇಳೋಕಾಗೋದು," ಎಂದರು ಡಾಕ್ಟರಮ್ಮ.

'ಬರುತ್ತೆ' ಎಂದುಬಿಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಸಿಟ್ಟು ಬಂತು. ಬೇರೆ ಯಾರದ್ದಾದರೂ ಗಂಟಲಾಗಿದ್ದರೆ ಮಾತು ಬೇರೆ. ನನ್ನ ಹೆಂಡತಿಗೆ ಧ್ವನಿಯೇ ಉದ್ಯೋಗ. ನಾಲ್ಕು ವರ್ಷದಿಂದ ಒಂದು ಇಂಗ್ಲಿಷ್ ಧಾರಾವಾಹಿಯನ್ನು ಕನ್ನಡಕ್ಕೆ ಡಬ್ ಮಾಡುತ್ತಿದ್ದೇವೆ. ಮಾತು ಬರೆಯುವವನು ನಾನು. ಅದರ ಮುಖ್ಯ ಪಾತ್ರ ಊರಿನವರೆಲ್ಲರ ಉಸಾಬರಿ ಮಾಡುವ ಒಬ್ಬ ಅಜ್ಜಿ, ಆ ಅಜ್ಜಿಯ ಧ್ವನಿ ಇವಳದು. ಜನ ಅಜ್ಜಿಗಾಗಿ ನೋಡುತ್ತಾರೆ, ಅಂದರೆ ಇವಳಿಗಾಗಿ.

ಈ ಮನೆಯಲ್ಲಿ ಮಾತಾಡುವವಳು ಅವಳು, ಹ್ಞೂಂಗುಡುವವನು ನಾನು. ಇಂದು ಸಂಜೆ ಹ್ಞೂಂ ಎನ್ನಲು ಏನೂ ಸಿಗಲಿಲ್ಲ. ಕೈ ತುರಿಸಿತು, ಅದಕ್ಕೇ ಬರೆಯಲು ಕೂತಿದ್ದೇನೆ.

ಫೆಬ್ರವರಿ ೪, ಮಂಗಳವಾರ

ಮನೆಗೆ ಕರೆತಂದೆ. ಅತ್ತೆ, ಅಂದರೆ ಹೆಂಡತಿಯ ತಾಯಿ, ನಮ್ಮ ಜೊತೆಗೇ ಇದ್ದಾರೆ. ಮಗಳಿಗೆ ಮಾತಾಡಬಾರದು ಎಂದಿದ್ದಾರೆಂದು ಎಷ್ಟು ಸಲ ಹೇಳಿದರೂ ಅವರ ತಲೆಗೆ ಹೋಗಿದ್ದು ಮಗಳಿಗೆ ಕಿವಿ ಕೇಳಿಸುವುದಿಲ್ಲ ಎಂದು. ಬೆಳಗಿನಿಂದ ಅವಳ ಕಿವಿಯ ಬಳಿ ಬಾಯಿಟ್ಟು, "ಗಂಜಿ ಕುಡೀತೀಯಾ?" ಎಂದು ಕಿರುಚುತ್ತಿದ್ದಾರೆ. ಅವಳು ಕಿವಿ ಮುಚ್ಚಿಕೊಂಡರೆ, "ಪಾಪ, ಕಿವಿ ನೋಯ್ತಿದೆ," ಎಂದು ಇನ್ನೂ ಜೋರಾಗಿ ಮರುಗುತ್ತಾರೆ.

ಬರೆದು ತೋರಿಸಲಿ ಎಂದು ಮಕ್ಕಳ ಸ್ಲೇಟು ತಂದುಕೊಟ್ಟೆ. ಅರ್ಧ ದಿನಕ್ಕೆ ಬೇಸತ್ತು ಮೂಲೆಗೆಸೆದಳು. ಅವಳ ಮಾತಿನ ಓಟಕ್ಕೆ ಬಳಪ ಎಲ್ಲಿ ಸಾಟಿ? ಈಗ ಮೇಜು ಕುಟ್ಟುವ ಪದ್ಧತಿ ಮಾಡಿಕೊಂಡಿದ್ದೇವೆ. ಒಂದು ಕುಟ್ಟಿದರೆ ಹೌದು, ಎರಡು ಕುಟ್ಟಿದರೆ ಇಲ್ಲ. ಸಂಜೆಯ ಹೊತ್ತಿಗೆ ಬರೀ ಎರಡೆರಡೇ ಕುಟ್ಟುತ್ತಿದ್ದಳು.

ಫೆಬ್ರವರಿ ೫, ಬುಧವಾರ

ಸ್ಟುಡಿಯೋಗೆ ಹೋದೆ. ನಮ್ಮ ಡಬ್ಬಿಂಗ್ ನಿರ್ದೇಶಕರನ್ನು ಎಲ್ಲರೂ ಕರೆಯುವುದು ಒನ್‌ಮೋರ್ ಸಾರ್ ಎಂದು. ಟೇಕ್ ಎಷ್ಟೇ ಚೆನ್ನಾಗಿ ಬರಲಿ, "ಒನ್ ಮೋರ್" ಎನ್ನದೆ ಅವರು ಬಿಟ್ಟವರಲ್ಲ. ಹೆಂಡತಿ ಮೈಕಿಗೆ ಮರಳುವುದು ಬೇಗವೆಂದರೂ ಮುಂದಿನ ತಿಂಗಳು. ಅಲ್ಲಿಯವರೆಗಿನ ಕಂತುಗಳಿಗೆ ಬೇರೆ ಧ್ವನಿ ಬೇಕಲ್ಲ, ಒಬ್ಬರನ್ನು ಕರೆಸಿದ್ದರು.

ಆಕೆ ರೈಲು ನಿಲ್ದಾಣದಲ್ಲಿ ಬರುವ ಹೋಗುವ ಗಾಡಿಗಳನ್ನು ಮೈಕಿನಲ್ಲಿ ಕೂಗುತ್ತಿದ್ದವರು. ಈಗ ಅಲ್ಲಿ ಯಂತ್ರ ಕೂಗುತ್ತದೆ, ಇವರಿಗೆ ಕೆಲಸವಿಲ್ಲ. ಸೌಂಡಿನವನು ಆಗಲೇ ರೈಲು ಮೇಡಂ ಎಂದು ಹೆಸರಿಟ್ಟಾಗಿತ್ತು. ಆಕೆ ರೆಕಾರ್ಡಿಂಗ್ ಕೋಣೆಯ ಗಾಜಿನ ಆಚೆ ನಿಂತು ಕನ್ನಡಕ ಒರೆಸಿಕೊಳ್ಳುತ್ತ, "ಇಪ್ಪತ್ತು ವರ್ಷ ನನ್ನ ಧ್ವನಿ ಕೇಳಿ ಜನ ಓಡಿದಾರೆ ಸಾರ್. ಯಾರೂ ನಿಂತು ಕೇಳಿದ್ದಿಲ್ಲ," ಎಂದರು. ನಗು ಬಂತು. ಆಕೆ ಇಷ್ಟವಾದರು, ಅದೇ ತೊಂದರೆ.

ಆದರೆ ಮೈಕಿನ ಮುಂದೆ ಅಜ್ಜಿ ಮುಗ್ಗರಿಸಿದಳು. ಪ್ರತಿ ಮಾತಿನ ಕೊನೆಗೆ ಉಸಿರು ಸಾಲದೆ ಗಾಡಿ ನಿಲ್ದಾಣದ ಹೊರಗೇ ನಿಂತಂತೆ ನಿಲ್ಲುತ್ತಿತ್ತು. ಒನ್ ಮೋರ್, ಒನ್ ಮೋರ್. ಮಧ್ಯಾಹ್ನದವರೆಗೂ ಒಂದು ದೃಶ್ಯ ಮುಗಿಯಲಿಲ್ಲ.

ನನ್ನ ಹೆಂಡತಿಯ ಸಮಕ್ಕೆ ಯಾರಿದ್ದಾರೆ ಎಂದುಕೊಂಡು ಬೀಗುತ್ತ ಮನೆಗೆ ಬಂದೆ. ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಹೌದು ಎಂದೂ ಕುಟ್ಟಲಿಲ್ಲ, ಇಲ್ಲ ಎಂದೂ ಕುಟ್ಟಲಿಲ್ಲ.

ಫೆಬ್ರವರಿ ೭, ಶುಕ್ರವಾರ

ಇವತ್ತು ಒಂದು ವಿಷಯ ಹೊಳೆಯಿತು. ಹೊಳೆಯದಿದ್ದರೆ ಚೆನ್ನಾಗಿತ್ತು.

ಈ ಕೆಲಸದ ಕಷ್ಟ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಪ, ಬ, ಮ ಎನ್ನಲು ತುಟಿ ಮುಚ್ಚಲೇಬೇಕು. ಪರದೆಯ ಮೇಲೆ ಅಜ್ಜಿ ತುಟಿ ಮುಚ್ಚಿದಾಗ ಕನ್ನಡವೂ ತುಟಿ ಮುಚ್ಚಬೇಕು, ತೆರೆದಾಗ ತೆರೆಯಬೇಕು. ಅದರ ಮೇಲೆ ಈ ಅಜ್ಜಿಗೆ ನೆಟ್ಟಗೆ ಮಾತಾಡಿ ಗೊತ್ತೇ ಇಲ್ಲ, ಬಾಯಿಬಿಟ್ಟರೆ ನುಡಿಗಟ್ಟು. ಮೊಮ್ಮಗ ಕೆಲಸ ಕಷ್ಟವೇ ಎಂದು ಕೇಳಿದರೆ "ಪೀಸ್ ಆಫ್ ಕೇಕ್" ಎನ್ನುತ್ತಾಳೆ. ಕೇಕಿಗೂ ಅದಕ್ಕೂ ಸಂಬಂಧವಿಲ್ಲ, ಬಹಳ ಸುಲಭ ಎಂದಷ್ಟೇ ಅರ್ಥ. ನಮ್ಮಲ್ಲಿ ಹೂವೆತ್ತಿದಷ್ಟು ಸಲೀಸು ಎನ್ನುತ್ತೇವೆ, ಆದರೆ ಅವಳು ತುಟಿ ಮುಚ್ಚಿ ಶುರುಮಾಡುವಾಗ ನಮ್ಮ ಹೂವು ಬಾಯಿ ತೆರೆದುಕೊಂಡಿರುತ್ತದೆ. "ಮಾಡಿ ಬಿಸಾಕ್ತೀನಿ" ಎಂದು ಹಾಕಿದೆ. ತುಟಿಯೂ ಕೂತಿತು, ಅಜ್ಜಿಯ ಜಂಬವೂ ಬಂತು. ನಾಟಕಕ್ಕೆ ಹೊರಟ ಹುಡುಗಿಗೆ "ಬ್ರೇಕ್ ಎ ಲೆಗ್" ಎನ್ನುತ್ತಾಳೆ. ಕಾಲು ಮುರಿದುಕೋ ಎಂದರೆ ಅವರಲ್ಲಿ ಚೆನ್ನಾಗಿ ಮಾಡು ಎಂಬ ಹಾರೈಕೆ! "ಮಿಂಚಿ ಬಾ" ಎಂದು ಬರೆದೆ.

ತುಟಿಗೆ ಎಲ್ಲವೂ ಸರಿಯಾಗಿತ್ತು. ಹಾಗಾದರೆ ರೈಲು ಮೇಡಂ ಯಾಕೆ ಮುಗ್ಗರಿಸುತ್ತಾರೆ ಎಂದು ಗಾಜಿನ ಈಚೆ ಕೂತು, ಬಾಯೊಳಗೇ ಅವರ ಜೊತೆ ಓದಿ ನೋಡಿದೆ. ನನಗೂ ಉಸಿರು ಸಾಲಲಿಲ್ಲ. ಮತ್ತೊಂದು ಮಾತು ಓದಿದೆ, ಅದಕ್ಕೂ ಸಾಲಲಿಲ್ಲ. ನಾಲ್ಕು ವರ್ಷದಿಂದ ಅಜ್ಜಿಯ ತುಟಿಗೆ ಬರೆಯುತ್ತಿದ್ದೇನೆ ಎಂದುಕೊಂಡಿದ್ದೆ. ಉಸಿರು ಮಾತ್ರ ಹೆಂಡತಿಯದು. ಅವಳು ಒಂದೇ ಉಸಿರಿಗೆ ಉದ್ದ ಮಾತು ಎಳೆದು, ಕೊನೆಗೆ ಒಂದು ನಗು ಸೇರಿಸಿ, ಆಮೇಲೆ ಉಸಿರೆಳೆಯುತ್ತಾಳೆ. ಬೇರೆಯವರು ಮಧ್ಯೆ ಉಸಿರೆಳೆಯಲು ನಾನು ಎಲ್ಲೂ ಜಾಗವನ್ನೇ ಬಿಟ್ಟಿಲ್ಲ.

ತಪ್ಪು ರೈಲು ಮೇಡಂದಲ್ಲ, ನನ್ನದು.

ಫೆಬ್ರವರಿ ೮, ಶನಿವಾರ

ಮಾತುಗಳನ್ನು ತಿದ್ದಲಿಲ್ಲ. ಸಮಯ ಸಿಗಲಿಲ್ಲ.

ಸಮಯ ಸಿಕ್ಕಿತ್ತು.

ಫೆಬ್ರವರಿ ೧೦, ಸೋಮವಾರ

ಒನ್‌ಮೋರ್ ಸಾರ್ ನನ್ನನ್ನು ಪಕ್ಕಕ್ಕೆ ಕರೆದು, "ಇವರ ಕೈಲಿ ಆಗ್ತಿಲ್ಲ ಕಣ್ರೀ. ಗುರುವಾರದವರೆಗೂ ನೋಡ್ತೀನಿ, ಆಗ್ಲಿಲ್ಲ ಅಂದ್ರೆ ಕಳಿಸಿಬಿಡೋದು. ನಿಮ್ಮನೆಯವರಿಗೇ ಕಾಯೋಣ, ಪ್ರಸಾರ ಒಂದು ತಿಂಗಳು ನಿಂತರೂ ನಿಲ್ಲಲಿ," ಎಂದರು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ರೈಲು ಮೇಡಂ ಬಾಟಲಿಯ ನೀರು ಕುಡಿಯುತ್ತ ಮೂಲೆಯಲ್ಲಿ ನನ್ನ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದರು. ಅತ್ತ ನೋಡಲಿಲ್ಲ.

ಮನೆಗೆ ಬಂದು ಸುದ್ದಿ ಹೇಳಿದೆ. ಹೆಂಡತಿಯ ಮುಖ ಅರಳಲಿಲ್ಲ. ಬೆರಳಲ್ಲಿ ನನ್ನ ಫೋನು ತೋರಿಸಿದಳು, ಕೇಳಿಸಿ ಎಂದು. ಸೌಂಡಿನವನು ಕಳಿಸಿದ್ದ ಒಂದು ತುಣುಕು ಇತ್ತು, ಹಾಕಿದೆ. ಕಣ್ಣು ಮುಚ್ಚಿ ಕೇಳಿದಳು. ಇನ್ನೊಮ್ಮೆ ಹಾಕಿಸಿದಳು. ರೈಲು ಮೇಡಂ ಉಸಿರು ಕಟ್ಟಿದ ಕಡೆ ಮೇಜಿನ ಮೇಲೆ ಎರಡು ಸಲ ಕುಟ್ಟಿದಳು.

"ಹೌದಲ್ಲ, ಆಕೆಗೆ ಬರಲ್ಲ," ಎಂದೆ.

ಮತ್ತೆ ಎರಡು ಕುಟ್ಟು. ಈ ಸಲ ಲೋಟ ಅಲ್ಲಾಡಿತು. ನನ್ನ ಕಡೆ ನೋಡಿದಳು. ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಬೈಸಿಕೊಂಡಿದ್ದೇನೆ, ಆದರೆ ಆ ನೋಟದಷ್ಟು ಯಾವುದೂ ನಾಟಿರಲಿಲ್ಲ. ಮೂಲೆಯಲ್ಲಿದ್ದ ಸ್ಲೇಟನ್ನು ಹುಡುಕಿ ತಂದು, ಬಳಪ ಮುರಿಯುವಷ್ಟು ಒತ್ತಿ ಬರೆದಳು:

ಇದು ನನ್ನ ಉಸಿರು. ಅವರಿಗೆ ಅವರ ಉಸಿರು ಕೊಡಿ.

"ಕೊಟ್ಟರೆ ನಿನ್ನ ಜಾಗ ಹೋಗುತ್ತೆ ಕಣೇ," ಎಂದೆ. "ಧ್ವನಿ ಹೇಗೆ ಬರುತ್ತೋ ಏನೋ. ಆಕೆ ಚೆನ್ನಾಗಿ ಮಾಡಿದ್ರೆ ನಿನ್ನನ್ಯಾಕೆ ಮತ್ತೆ ಕರೀತಾರೆ? ಕೂತ ಕೊಂಬೆ ನೀನೇ ಕಡಿಯೋದಾ?"

ಆಡಿಬಿಟ್ಟೆ. ಒಂದು ವಾರದಿಂದ ನುಂಗಿಕೊಂಡಿದ್ದು ಹೊರಗೆ ಬಂತು. ಅವಳು ಅಳಲಿಲ್ಲ. ಸ್ಲೇಟನ್ನು ಒರೆಸಲೂ ಇಲ್ಲ, ಊಟದ ಮೇಜಿನ ನಡುವೆ ನನಗೆ ಕಾಣುವಂತೆ ನಿಲ್ಲಿಸಿ ಎದ್ದುಹೋದಳು. ಅತ್ತೆ ಅದನ್ನು ಓದಿ, "ಯಾರಿಗೆ ಉಸಿರಾಟದ ತೊಂದರೆ?" ಎಂದು ಮಗಳ ಕಿವಿಯಲ್ಲಿ ಕೂಗಿದರು.

ಫೆಬ್ರವರಿ ೧೧, ಮಂಗಳವಾರ

ಇಡೀ ದಿನ ಊಟದ ಮೇಜಿನ ಮೇಲೆ ಕೆಲಸ. ಮೊದಲೆಲ್ಲ ನಾನು ಬರೆದು ಕೊಡುತ್ತಿದ್ದೆ, ಅವಳು ಅಡುಗೆಮನೆಯಲ್ಲಿ ಓಡಾಡುತ್ತ ಗಟ್ಟಿಯಾಗಿ ಆಡಿ ನೋಡುತ್ತಿದ್ದಳು. ಈಗ ಆಡಬೇಕಾದವನು ನಾನೇ. ನಾನು ಅಜ್ಜಿಯಾಗಿ ಓದುವುದು, ಅವಳು ನನ್ನ ತುಟಿ ನೋಡುವುದು. ಉಸಿರಿಗೆ ಜಾಗ ಬೇಕಾದ ಕಡೆ ಅಂಗೈ ಮೇಲೆತ್ತುತ್ತಾಳೆ, ಅಲ್ಲಿ ಮಾತು ಮುರಿದು ಎರಡು ಮಾಡುತ್ತೇನೆ. ಅಜ್ಜಿಯ ಗತ್ತಿಗೆ ನಾನು ಸೊಂಟದ ಮೇಲೆ ಕೈಯಿಟ್ಟಾಗ ಅವಳು ಬಾಯಿ ಮುಚ್ಚಿಕೊಂಡು, ಸದ್ದಿಲ್ಲದೆ, ಭುಜ ಕುಣಿಸಿಕೊಂಡು ನಕ್ಕಳು. ನಗುವುದೂ ಕೂಡದೇನೋ ಎಂದು ಹೆದರಿ ನಾನು ಗಂಭೀರವಾದೆ. ಅದನ್ನು ನೋಡಿ ಮತ್ತಷ್ಟು ನಕ್ಕಳು.

ಅತ್ತೆಯೂ ಬಂದು ಕೂತರು. ಒಂದು ಕಡೆ ಅಜ್ಜಿ ಹೊರಗೆ ನಾಯಿ ಬೆಕ್ಕುಗಳ ಮಳೆ ಸುರಿಯುತ್ತಿದೆ ಎನ್ನುತ್ತಾಳೆ.

"ಅದೇನು ಹುಚ್ಚು ಮಾತು ಅಳಿಯಂದ್ರೇ? ಬೆಕ್ಕು ಬಿದ್ರೆ ಕಾಲ ಮೇಲೆ ನಿಲ್ಲುತ್ತೆ, ನಾಯಿ ಗತಿ?"

"ಜೋರು ಮಳೆ ಅಂತ ಅರ್ಥ ಅತ್ತೆ. ನಾವು ಹೊಟ್ಟೆ ಉರೀತು ಅಂತೀವಲ್ಲ, ಬೆಂಕಿ ಬಿದ್ದಿರುತ್ತಾ?"

"ನನಗಂತೂ ಉರಿಯುತ್ತಪ್ಪ, ಆ ಖಾರದ ಚಟ್ನಿ ತಿಂದ್ರೆ," ಎಂದರು.

ಜೀವ ಬಾಯಿಗೆ ಬಂತು ಎನ್ನುವಂಥ ಮಾತು ಇಂಗ್ಲಿಷಿನಲ್ಲೂ ಇದೆ. ನಮ್ಮಲ್ಲಿ ಜೀವ ಬಾಯಿಗೆ ಬರುತ್ತದೆ, ಅವರಲ್ಲಿ ಹೃದಯ. ಯಾವ ದೇಶದವರಾದರೂ ಹೆದರಿದಾಗ ಏನೋ ಒಂದು ಬಾಯಿಯತ್ತ ಹೊರಡುವುದಂತೂ ನಿಜ ಎಂದು ಹೆಂಡತಿಗೆ ವಿವರಿಸಿದೆ. ಹಾಗೇ ಶಾಲೆಯಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರ ವಿಷಯ ಬಂತು, ಅವರ ಸೈಕಲ್ಲಿನ ವಿಷಯ ಬಂತು, ನಮ್ಮಪ್ಪ ಆ ಸೈಕಲ್ಲನ್ನು ಎರವಲು ತಂದು ಬಿದ್ದಿದ್ದು ಬಂತು. ಅವಳು ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ಇದನ್ನೆಲ್ಲ ಅವಳಿಗೆ ಯಾವತ್ತೋ ಹೇಳಿರುತ್ತೇನೆ ಎಂದುಕೊಂಡಿದ್ದೆ. ಹೇಳಿಯೇ ಇರಲಿಲ್ಲವಂತೆ, ಎರಡು ಕುಟ್ಟಿದಳು.

ಒಂದು ಮಾತು ಮಾತ್ರ ಬಗೆಹರಿಯಲಿಲ್ಲ. ಅದಿರುವುದು ಈ ವರ್ಷದ ಕೊನೆಯ ಕಂತಿನಲ್ಲಿ, ಅಲ್ಲಿಗೆ ಬರಲು ಇನ್ನೂ ಸಮಯವಿದೆ. ಜಗಳವಾಡಿ ಹೋಗಿದ್ದ ಮಗ ಎಷ್ಟೋ ವರ್ಷದ ಮೇಲೆ ಬಾಗಿಲಲ್ಲಿ ಬಂದು ನಿಂತಿರುತ್ತಾನೆ, ಅವನಿಗೆ ಮಾತು ಹೊರಡುವುದಿಲ್ಲ. ಅಜ್ಜಿ ಕೇಳುತ್ತಾಳೆ, "ಕ್ಯಾಟ್ ಗಾಟ್ ಯುವರ್ ಟಂಗ್?" ನಿನ್ನ ನಾಲಿಗೆಯನ್ನೇನು ಬೆಕ್ಕು ಕಚ್ಚಿಕೊಂಡು ಹೋಯಿತೇ, ಅಂದರೆ ಯಾಕೆ ಮಾತಾಡುತ್ತಿಲ್ಲ ಎಂದು. ಬಾಯಿಗೆ ಬೀಗ ಬಿತ್ತಾ ಎಂದು ಹಾಕಬಹುದಿತ್ತು. ಆದರೆ ಅಜ್ಜಿಯ ಮುಖ ಪರದೆಯ ತುಂಬ ಇದೆ, ಅವಳ ತುಟಿ ಒಮ್ಮೆಯೂ ಮುಚ್ಚುವುದಿಲ್ಲ. ನಮ್ಮ ಬಾಯಿಗೂ ಬೀಗಕ್ಕೂ ಬಿತ್ತಾಕ್ಕೂ ಮುಚ್ಚಲೇಬೇಕು. ಹೆಂಡತಿ ಹಣೆ ಗಂಟಿಕ್ಕಿ ಬಹಳ ಹೊತ್ತು ಯೋಚಿಸಿದಳು. ಕೊನೆಗೆ ಕೈಚೆಲ್ಲಿದೆವು. ಆ ಜಾಗ ಖಾಲಿ ಬಿಟ್ಟಿದ್ದೇನೆ.

ಫೆಬ್ರವರಿ ೧೩, ಗುರುವಾರ

ಬೇಡ ಬೇಡವೆಂದರೂ ಹೆಂಡತಿ ಕುತ್ತಿಗೆಗೆ ಶಾಲು ಸುತ್ತಿಕೊಂಡು ಸ್ಟುಡಿಯೋಗೆ ಹೊರಟಳು. ಎಲ್ಲರೂ ಎದ್ದು ನಿಂತರು. ರೈಲು ಮೇಡಂ ಮುಖ ಬಿಳುಚಿಕೊಂಡಿತು, ಜಾಗ ಬಿಡಿಸಲು ಬಂದಿದ್ದಾರೆ ಎಂದುಕೊಂಡರೇನೋ. ಹೆಂಡತಿ ಗಾಜಿಗೆ ಹತ್ತಿರ, ಅವರಿಗೆ ನೇರ ಕಾಣುವಂತೆ ನಿಂತಳು. ಪರದೆಯ ಮೇಲೆ ಅಜ್ಜಿ ಬಾಯಿ ತೆರೆದಳು, ಹೆಂಡತಿ ಅಂಗೈ ಇಳಿಸಿದಳು, ರೈಲು ಮೇಡಂ ಮಾತು ಶುರುಮಾಡಿದರು. ಅಂಗೈ ಮೇಲೆದ್ದಿತು, ಉಸಿರೆಳೆದುಕೊಂಡರು. ಇಳಿಯಿತು, ಮುಂದುವರಿಸಿದರು. ಎರಡನೇ ದೃಶ್ಯದ ಹೊತ್ತಿಗೆ ಆಕೆ ಕೈ ನೋಡುವುದನ್ನೂ ಬಿಟ್ಟಿದ್ದರು. ಅಜ್ಜಿ ಬೈದಳು, ಜಂಬ ಕೊಚ್ಚಿದಳು, ಮೊಮ್ಮಗನ ಕಾಲೆಳೆದಳು.

ಒನ್‌ಮೋರ್ ಸಾರ್ ಒಂದು ದಿನಕ್ಕೆ ಎರಡು ದಿನದ ಕೆಲಸ ಮುಗಿಸಿದರು. ಹೊರಡುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, "ಇವರನ್ನೇ ಮುಂದುವರಿಸಿದ್ರೂ ನಡೆಯುತ್ತೆ ಅಲ್ವಾ?" ಎಂದರು. ಹೆಂಡತಿ ಪಕ್ಕದಲ್ಲೇ ಇದ್ದಳು, ಕೇಳಿಸಿಕೊಂಡಳು.

ರೈಲು ಮೇಡಂ ಹೊರಗೆ ಬಂದು ಅವಳ ಎರಡೂ ಕೈ ಹಿಡಿದುಕೊಂಡರು. "ಅಕ್ಕ..." ಎಂದರು. ಒಬ್ಬಳು ಮಾತಾಡುವಂತಿಲ್ಲ, ಇನ್ನೊಬ್ಬರಿಗೆ ಮಾತು ಹೊರಡುತ್ತಿಲ್ಲ. ಮಧ್ಯೆ ನಾನು, "ಟೀ ಕುಡಿಯೋಣ್ವಾ?" ಎಂದೆ.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಕಣ್ಣು ಒರೆಸಿಕೊಂಡದ್ದು ಕಂಡಿತು. ಏನು ಹೇಳಬೇಕೋ ತಿಳಿಯದೆ ರಸ್ತೆಯಲ್ಲಿ ಕಂಡದ್ದನ್ನೆಲ್ಲ ಹೇಳುತ್ತ ಬಂದೆ. ಹೊಸದಾಗಿ ಬಣ್ಣ ಹೊಡೆದ ಅಂಚೆ ಕಚೇರಿ, ಚಪ್ಪಲಿ ಅಂಗಡಿಯ ಎದುರು ಒಂದೇ ಕಾಲಿನ ಚಪ್ಪಲಿಗಾಗಿ ಜಗಳವಾಡುತ್ತಿದ್ದ ಗಂಡ ಹೆಂಡತಿ. ನಮ್ಮ ನಿಲ್ದಾಣ ಬರುವಷ್ಟರಲ್ಲಿ ಅವಳ ತಲೆ ನನ್ನ ಹೆಗಲ ಮೇಲಿತ್ತು.

ಫೆಬ್ರವರಿ ೧೬, ಭಾನುವಾರ

ನಾಳೆ ಡಾಕ್ಟರ ಹತ್ತಿರ. ಊಟ ಸೇರಲಿಲ್ಲ. ಅತ್ತೆ ಇವತ್ತು, "ಅಳಿಯಂದ್ರು ಈಗೀಗ ಬಾಯಿಗೆ ಬಿಡುವು ಕೊಡ್ತಿಲ್ಲ," ಎಂದು ಮಗಳ ಕಿವಿಯಲ್ಲಿ ದೂರಿದರು. ಮನೆಯಲ್ಲಿ ಯಾರಾದರೂ ಒಬ್ಬರು ಮಾತಾಡಬೇಕಲ್ಲ!

ಫೆಬ್ರವರಿ ೧೭, ಸೋಮವಾರ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ನಾನು ಒಂದೇ ಸಮನೆ ಮಾತಾಡುತ್ತಿದ್ದೆನಂತೆ. ಧ್ವನಿ ಸ್ವಲ್ಪ ಒರಟಾದರೂ ಪರವಾಗಿಲ್ಲ, ಬರದಿದ್ದರೂ ಪರವಾಗಿಲ್ಲ, ಸ್ಲೇಟಿದೆ, ಮೇಜಿದೆ, ನಾನಿದ್ದೇನೆ ಎಂದು ಏನೇನೋ. ಅವಳು ನನ್ನ ಮೊಣಕಾಲ ಮೇಲೆ ಮೆಲ್ಲಗೆ ಎರಡು ಸಲ ಕುಟ್ಟಿದಳು. ಅಷ್ಟರಲ್ಲಿ ಕರೆದರು. ಒಳಗೆ ಹೋಗುವಾಗ ಅವಳ ಕಿವಿಯಲ್ಲಿ, "ಮಿಂಚಿ ಬಾ," ಎಂದೆ. ನಾನೂ ಜೊತೆಗೇ ಹೋಗುತ್ತಿದ್ದೇನೆ ಎಂಬುದು ಮರೆತೇಹೋಗಿತ್ತು.

ಡಾಕ್ಟರಮ್ಮ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. "ಚೆನ್ನಾಗಿ ಮಾಗಿದೆ. ಈಗ ಮೆಲ್ಲಗೆ ಮಾತಾಡಿ. ಏನಾದ್ರೂ ಸರಿ."

ಅವಳು ನನ್ನ ಕಡೆ ತಿರುಗಿದಳು. ನಾನು ಏನಾದರೂ ಹೇಳಲಿ, ಅದಕ್ಕೆ ಉತ್ತರ ಕೊಡೋಣ ಎಂದು ಕಾದಳೇನೋ. ದಾರಿಯುದ್ದಕ್ಕೂ ಬಡಬಡಿಸಿದ ನನಗೆ ಆಗ ಒಂದು ಅಕ್ಷರ ಹೊರಡಲಿಲ್ಲ. ಬಾಯಿ ತೆರೆದೆ. ಜೀವ ಬಾಯಿಗೆ ಬಂದು ಅಲ್ಲೇ ಕೂತಿತ್ತು. ಡಾಕ್ಟರಮ್ಮ ನನ್ನನ್ನೇ ನೋಡುತ್ತಿದ್ದರು. ಅವಳು ನೋಡಿದಳು, ನೋಡಿದಳು, ಅವಳ ಕಣ್ಣು ತುಂಬಿತು, ತುಟಿಯ ಕೊನೆಯಲ್ಲಿ ಹಳೆಯ ತುಂಟತನ ಬಂತು.

"ಯಾಕ್ರೀ," ಎಂದಳು, "ನಾಲಿಗೆ ಏಳ್ತಿಲ್ವಾ?"

ಅವಳದೇ ಧ್ವನಿ. ಅಂಚಿನಲ್ಲಿ ಒಂದಿಷ್ಟು ಹೊಸ ಒರಟು, ಹೊಸ ಹತ್ತಿಬಟ್ಟೆಯಷ್ಟು. ಆದರೆ ಅವಳದೇ.

ಇಂಗ್ಲಿಷಿನವರು ಇಂಥ ಹೊತ್ತಿನಲ್ಲಿ ಹೆಗಲ ಮೇಲಿನ ಭಾರ ಇಳಿಯಿತು ಎನ್ನುತ್ತಾರೆ. ನಮ್ಮಲ್ಲಿ ಹೋದ ಜೀವ ಬಂದಂತಾಯಿತು ಎನ್ನುತ್ತೇವೆ. ನನಗೆ ಎರಡೂ ಆಯಿತು. ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ. ರೋಗಿಗೆ ಕೊಡಬೇಕಾದ ನೀರನ್ನು ಡಾಕ್ಟರಮ್ಮ ನನಗೆ ಕೊಟ್ಟರು.

ಬಾಗಿಲು ದಾಟಿದ ಮೇಲೆ ತಲೆಗೆ ಹೋಯಿತು. ಯಾಕೆ, ನಾಲಿಗೆ ಏಳ್ತಿಲ್ವಾ. ಕಾರಿಡಾರಿನಲ್ಲೇ ನಿಂತು ತುಟಿಯ ಮೇಲೆ ಬೆರಳಿಟ್ಟುಕೊಂಡು ಆಡಿ ನೋಡಿದೆ. ತುಟಿ ಒಂದು ಸಲವೂ ಮುಚ್ಚಲಿಲ್ಲ.

"ಇದು ಯಾವಾಗ ಹೊಳೀತೇ ನಿನಗೆ?"

"ಮಂಗಳವಾರಾನೇ," ಎಂದಳು. "ನಾನೇ ಆಡಿ ತೋರಿಸ್ಬೇಕು ಅಂತ ಇಟ್ಕೊಂಡಿದ್ದೆ."

ದಿನಕ್ಕೆ ಐದೇ ನಿಮಿಷ ಮಾತಾಡಬಹುದಂತೆ. ಉಳಿದದ್ದನ್ನು ಅತ್ತೆಯ ಹತ್ತಿರ ಖರ್ಚು ಮಾಡಿದಳು. "ನೋಡಿದ್ಯಾ, ಕಿವಿ ಸರಿಹೋಯ್ತು," ಎಂದರು ಅತ್ತೆ.

ಮಾರ್ಚ್ ೧೯, ಬುಧವಾರ

ಇಷ್ಟು ದಿನ ಬರೆಯುವುದು ಮರೆತೇಹೋಗಿತ್ತು.

ಇವತ್ತು ಕೊನೆಯ ಕಂತು. ಡಾಕ್ಟರಮ್ಮ ಒಪ್ಪಿಗೆ ಕೊಟ್ಟಿದ್ದಾರೆ, ಹೆಂಡತಿ ಒಮ್ಮೆ ಆಡಿ ನೋಡಲಿ ಎಂದು ಸಾರ್ ಕರೆಸಿದ್ದರು. ಅವಳ ಹೊಸ ಧ್ವನಿ ಕೇಳಿ ಒನ್‌ಮೋರ್ ಸಾರ್ ಏನೆನ್ನುವರೋ ಎಂದು ನನಗೆ ಪುಕಪುಕ. ಒಳಗೆ ಹೆಂಡತಿ, ಗಾಜಿನ ಈಚೆ ರೈಲು ಮೇಡಂ. ಕೇಳದೆಯೇ ಅಂಗೈ ಎತ್ತಿ ಹಿಡಿದು ಸಿದ್ಧವಾಗಿ ನಿಂತಿದ್ದರು. ಪರದೆಯ ಮೇಲೆ ಮಗ ಬಾಗಿಲಲ್ಲಿ ನಿಂತ. ಅಜ್ಜಿಯ ಮುಖ ತುಂಬಿಕೊಂಡಿತು.

"ಯಾಕೋ, ನಾಲಿಗೆ ಏಳ್ತಿಲ್ವಾ?"

ಆ ಒರಟು ಈಗ ಅಜ್ಜಿಯದಾಗಿತ್ತು, ಮಗನಿಗಾಗಿ ಅಷ್ಟು ವರ್ಷ ಕಾದವಳ ಗಂಟಲು.

"ಒನ್ ಮೋರ್," ಎಂದರು ಸಾರ್. ಅವಳು ಇನ್ನೊಮ್ಮೆ ಆಡಿದಳು.

"ಮೊದಲನೇದು ಇಟ್ಕೊಳ್ತೀನಿ," ಎಂದು ಸಾರ್ ಕನ್ನಡಕ ತೆಗೆದರು. "ಎರಡನೇದು ನನ್ನ ಖುಷಿಗೆ ಕೇಳ್ದೆ. ಅಜ್ಜಿ ನಿಮ್ಮದೇ ಕಣಮ್ಮ."

ರೈಲು ಮೇಡಂ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಮುಂದಿನ ವರ್ಷದ ಕಂತುಗಳಲ್ಲಿ ಅಜ್ಜಿಯ ಜೊತೆ ದಿನಾ ಜಗಳವಾಡುವ ಪಕ್ಕದ ಮನೆಯವಳೊಬ್ಬಳು ಬರುತ್ತಾಳೆ. ಆ ಪಾತ್ರ ಅವರದು. ಹೆಂಡತಿಯೇ ಕೇಳಿ ಕೊಡಿಸಿದಳು. ಇಬ್ಬರ ಉಸಿರಿಗೂ ಬೇರೆ ಬೇರೆ ಅಳತೆಯಲ್ಲಿ ಬರೆಯಬೇಕು. ಮಾಡಿ ಬಿಸಾಕ್ತೀನಿ.

ಅಡುಗೆಮನೆಯಿಂದ ಕರೆಯುತ್ತಿದ್ದಾಳೆ. ಅಷ್ಟು ಹೊತ್ತಿನಿಂದ ಏನು ಬರೀತಿದೀರಿ ಎಂದಳು. ನಿನ್ನ ವಿಷಯವೇ ಎಂದೆ.

"ಹಾಗಾದ್ರೆ ಇಲ್ಲಿ ಬಂದು ಬಾಯಲ್ಲಿ ಹೇಳಿ," ಎಂದಳು. "ಹ್ಞೂಂಗುಡೋಕೆ ನಾನಿದೀನಿ."